‘ಸಹಕರಿಸಿದ ಮಹಿಳೆಯರಿಗೂ ಧನ್ಯವಾದಗಳು’

ರೋಟರಿ, ಲಯನ್ಸ್ ಥರದ ಸರ್ವಿಸ್ ಕ್ಲಬ್ಬುಗಳಿಗೆ ಹೊಸ ವರ್ಷ ಅಂದ್ರೆ ಜುಲೈ 1. ಜೂನ್ 30ರವರೆಗೆ ಪ್ರೆಸಿಡೆಂಟ್ ಆಗಿದ್ದವರು ಮಾರನೇ ದಿನ ‘ಪಾಸ್ಟ್ ಪ್ರೆಸಿಡೆಂಟ್’, ಅವರ ಕೊರಳಲ್ಲಿದ್ದ ಕಾಲರ್ (ಪ್ರೆಸಿಡೆಂಟ್ ಹಾಕ್ಕೊಳ್ಳೋ ಪಟ್ಟಿ) ಇನ್ನೊಬ್ಬರ ಕೊರಳಿಗೆ, ಸೆಕ್ರೆಟರಿ ಆಗಿ ಬಂದವರ ಕೈಗೆ ಒಂದು ಬೀರುವಿನ ಬೀಗದ ಕೈ. ನಾನು ಸೆಕ್ರೆಟರಿ ಆದ ವರ್ಷ ಆ ಬೀರು ತೆಗೆದು ನೋಡಿದೆ. ಮೀಟಿಂಗಲ್ಲಿ ಹೊಡೆಯೋ ಗಂಟೆ, ಅದರ ಸುತ್ತಿಗೆ, ಮಡಚಿ ಮಡಚಿ ಗೆರೆ ಬಿದ್ದ ಬ್ಯಾನರುಗಳು, ಯಾರಿಗೋ ಕೊಡೋಕೆ ಅಂತ ಮಾಡಿಸಿ ಕೊಡದೇ ಉಳಿದ ನಾಲ್ಕು ಮೊಮೆಂಟೋ, ಕೆಳಗಡೆ ಸಾಲಾಗಿ ಕ್ಲಬ್ಬಿನ ನಡಾವಳಿ ಬರೆದಿಡೋ ಮಿನಿಟ್ಸ್ ಬುಕ್ಕುಗಳು. ಹಳೇ ಪುಸ್ತಕ ಕೈಗೆ ಸಿಕ್ಕಿದ್ರೆ ಓದದೇ ಇಡೋಕೆ ಬರಲ್ಲ ನಂಗೆ, ಅಲ್ಲೇ ನೆಲದ ಮೇಲೆ ಕೂತು ಓದ್ತಾ ಹೋದೆ. ಯಾವ ವರ್ಷದ್ದು ತೆಗೆದ್ರೂ ಅಕ್ಷರ ಬೇರೆ, ಇಂಕು ಬೇರೆ, ಆದ್ರೆ ಕ್ಯಾಂಪ್ ರಿಪೋರ್ಟಿನ ಕೊನೇ ಸಾಲು ಮಾತ್ರ ಹೆಚ್ಚುಕಮ್ಮಿ ಅದೇ. ಉದ್ಘಾಟಿಸಿದವರ ಹೆಸರು, ಸ್ವಾಗತ ಮಾಡಿದವರ ಹೆಸರು, ಜಾಗ ಕೊಟ್ಟವರ ಹೆಸರು, ಮೈಕ್ ಸೆಟ್ ಕೊಟ್ಟವರ ಹೆಸರು, ಎಲ್ಲಾ ಮುಗಿದ ಮೇಲೆ ‘ಸಹಕರಿಸಿದ ಮಹಿಳೆಯರಿಗೂ ಧನ್ಯವಾದಗಳು’.

ಮೊದಮೊದಲು ನಗು ಬಂತು. ಆಮೇಲೆ ಇನ್ನೊಂದು ಪುಟ, ಇನ್ನೊಂದು ವರ್ಷ, ನಾನು ಆ ಕ್ಲಬ್ಬಿಗೆ ಮೊದಲು ಕಾಲಿಟ್ಟ ವರ್ಷದ್ದು. ಆ ಕ್ಯಾಂಪ್ ನಂಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಎಂಟಕ್ಕೆ ಹೋಗಿ ರಿಜಿಸ್ಟ್ರೇಷನ್ ಟೇಬಲ್ಲಲ್ಲಿ ಕೂತವಳು ಎದ್ದಿದ್ದು ಮೂರು ಗಂಟೆಗೆ, ಬರೆದೂ ಬರೆದೂ ಹೆಬ್ಬೆರಳು ಮರಗಟ್ಟಿಹೋಗಿತ್ತು. ಮಿನಿಟ್ಸಲ್ಲಿ ನಾನಿರೋದು ಆ ‘ಸಹಕರಿಸಿದ ಮಹಿಳೆಯರು’ ಅನ್ನೋದರ ಒಳಗೆ ಎಲ್ಲೋ. ಬಹುವಚನದ ‘ರು’ ಇದೆಯಲ್ಲ, ಅದರಲ್ಲಿ.

‘ಸಹಕರಿಸಿದ’ ಅನ್ನೋ ಮಾತು ಅವತ್ತಿಂದ ನನ್ನ ತಲೆಯಿಂದ ಹೋಗಿಲ್ಲ. ಸಹಕರಿಸೋದು ಅಂದ್ರೆ ಕೆಲಸ ಬೇರೆ ಯಾರದೋ, ನಾವು ಜೊತೆಗಿದ್ವಿ ಅಷ್ಟೇ ಅಂತ ತಾನೇ ಅರ್ಥ? ಸರಿ, ಹಾಗಾದ್ರೆ ಕೆಲಸ ಯಾರದು? ಇದನ್ನ ಜಗಳಕ್ಕೆ ಕೇಳ್ತಿಲ್ಲ (ಸ್ವಲ್ಪ ಜಗಳಕ್ಕೂ ಕೇಳ್ತಿದೀನಿ ಬಿಡಿ).

‘ನೀವು ಯಾರ ಮಿಸೆಸ್ಸು?’

ಕ್ಲಬ್ ಅಂದ್ರೆ ಯಾವ ಕ್ಲಬ್ಬು ಅಂತ ಹೇಳಲ್ಲ, ರೋಟರಿ ಅನ್ಕೊಳ್ಳಿ, ಲಯನ್ಸ್ ಅನ್ಕೊಳ್ಳಿ, ಇನ್ನೊಂದು ಅನ್ಕೊಳ್ಳಿ, ಒಳಗೆ ಹೋದ್ರೆ ಎಲ್ಲಾ ಒಂದೇ ಥರ. ಹೊಸಬಳಾಗಿ ಹೋದಾಗ ಮೊದಲು ಕೇಳೋ ಪ್ರಶ್ನೆ ನೀವೇನು ಮಾಡ್ತೀರ ಅಂತಲ್ಲ, ನೀವು ಯಾರ ಮಿಸೆಸ್ಸು ಅಂತ. ಕೇಳೋರಿಗೆ ಕೆಟ್ಟ ಮನಸ್ಸೇನಿಲ್ಲ, ರೂಢಿ. ಆ ರೂಢಿ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದ್ರೆ ಒಂದು ರೈಲು ಸಿಗುತ್ತೆ.

1914ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ರೋಟರಿ ಕನ್ವೆನ್ಷನ್. ಸ್ಯಾನ್ ಫ್ರಾನ್ಸಿಸ್ಕೋ ಕಡೆಯವರು ಸ್ಪೆಷಲ್ ರೈಲು ಹತ್ತಿ ಹೊರಟ್ರು. ಬ್ರೂನಿಯರ್ ಅನ್ನೋರು ಹೆಂಡತೀನ ಕರ್ಕೊಂಡು ಬಂದಿದ್ರು, ಆಕೆ ಹೆಸರು ಆನ್. ದಾರಿಯುದ್ದಕ್ಕೂ ಹೆಚ್ಚಿನ ಹೊತ್ತು ಆ ರೈಲಲ್ಲಿದ್ದ ಹೆಂಗಸು ಆಕೆ ಒಬ್ಬಳೇ. ಜೊತೆಗಿದ್ದವರು ಪ್ರೀತಿಯಿಂದಲೋ ತಮಾಷೆಗೋ ‘ರೋಟರಿ ಆನ್’ ಅಂತ ಕರೆದ್ರು. ಹ್ಯೂಸ್ಟನ್ನಿಗೆ ಹೋದ್ರೆ ಫಿಲಡೆಲ್ಫಿಯಾದಿಂದ ಬಂದಿದ್ದ ಇನ್ನೊಬ್ಬರ ಹೆಂಡತಿ ಹೆಸರೂ ಆನ್. ಮುಗೀತಲ್ಲ. ಅವತ್ತು ಇಬ್ಬರಿಗಿದ್ದ ಹೆಸರು ಆಮೇಲೆ ದಶಕಗಟ್ಟಲೆ ಮೆಂಬರುಗಳ ಹೆಂಡತಿಯರಿಗೆಲ್ಲಾ ಅಂಟಿಕೊಂಡ್ತು, ಮಕ್ಕಳಿಗೆ ‘ಆನೆಟ್’ ಅಂತ ಮರಿಹೆಸರು ಬೇರೆ. ನಿಮ್ಮ ಹೆಸರು ಏನೇ ಇರಲಿ, ಇನ್ವಿಟೇಷನ್ನಲ್ಲಿ ಆನ್ ಇಂಥವರು. ಒಬ್ಬಳ ಸ್ವಂತ ಹೆಸರು ಲಕ್ಷಾಂತರ ಹೆಂಗಸರ ಹೆಸರನ್ನ ಮುಚ್ಚೋ ಹಾಗಾಗಿದ್ದು ಇನ್ನೆಲ್ಲಾದ್ರೂ ಉಂಟಾ ಅಂತ ಯೋಚನೆ ಮಾಡ್ತೀನಿ.

ಹಾಗಂತ ಹೆಂಗಸರೆಲ್ಲಾ ಸುಮ್ನೆ ಬ್ಯಾಡ್ಜ್ ಹಾಕ್ಕೊಂಡು ಕೂತಿದ್ರು ಅಂತಲ್ಲ. 1919ರಲ್ಲೇ ಅಮೆರಿಕದ ಬಫಲೋದಲ್ಲಿ ಜೋಂಟಾ ಅನ್ನೋ ಹೆಂಗಸರದೇ ಕ್ಲಬ್ಬು ಶುರುವಾಯ್ತು, 1921ರಲ್ಲಿ ಓಕ್‌ಲ್ಯಾಂಡಿನಲ್ಲಿ ಸೊರಾಪ್ಟಿಮಿಸ್ಟ್. ಇವರೆಲ್ಲಾ ಸ್ವಂತ ಉದ್ಯೋಗ ಇದ್ದ ಹೆಂಗಸರು, ನೀವು ಸೇರಿಸಿಕೊಳ್ಳಲ್ವಾ, ಬೇಡ ಬಿಡಿ, ನಾವೇ ಮಾಡ್ಕೋತೀವಿ ಅಂದವರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನವರು ಹಿಡಿದದ್ದು ಬೇರೆ ದಾರಿ. ಮಾರ್ಗರೆಟ್ ಗೋಲ್ಡಿಂಗ್ ಅಂತ ಒಬ್ಬರು, ನರ್ಸ್ ಆಗಿದ್ದವರು, ಆಮೇಲೆ ಬಿಸಿನೆಸ್ ಮಾಡಿದವರು. 1923ರ ನವೆಂಬರಲ್ಲಿ ರೋಟರಿಯನ್ನರ ಮನೆಯ ಹೆಂಗಸರು 27 ಜನಾನ ಸೇರಿಸಿ ಮೀಟಿಂಗ್ ಮಾಡಿದ್ರು. ಎಲ್ಲಿ ಗೊತ್ತಾ? ಒಂದು ಟರ್ಕಿಶ್ ಬಾತಿನ ತಣ್ಣನೆ ಕೋಣೇಲಿ! 1924ರ ಜನವರಿ 10ಕ್ಕೆ ಅದು ಇನ್ನರ್ ವ್ಹೀಲ್ ಆಯ್ತು. ಇವತ್ತಿಗೂ ಆ ದಿನಾನ ಇನ್ನರ್ ವ್ಹೀಲ್ ದಿನ ಅಂತ ಮಾಡ್ತಾರೆ. ಗಂಡನ ಕ್ಲಬ್ಬಿನ ನಂಟಿಟ್ಕೊಂಡೇ ತಮ್ಮದೇ ಲೆಕ್ಕ, ತಮ್ಮದೇ ಅಧ್ಯಕ್ಷೆ, ತಮ್ಮದೇ ಮಿನಿಟ್ಸು. ಈ ಎರಡು ದಾರೀಲಿ ಯಾವುದು ಸರಿ ಅಂತ ನಂಗೆ ದಿನಕ್ಕೊಂದು ಥರ ಅನಿಸುತ್ತೆ. ಮನೇಲಿ ಪರ್ಮಿಷನ್ ಸುಲಭವಾಗಿ ಸಿಗ್ತಿದ್ದಿದ್ದು ಎರಡನೇದಕ್ಕೆ ಅನ್ನೋದಂತೂ ಹೌದು.

ಮುಖ್ಯ ಬಾಗಿಲು ತೆಗೆಯೋದಕ್ಕೆ ಮಾತ್ರ ಬಹಳ ಕಾಲ ಹಿಡೀತು. ನಂಗೆ ಖುಷಿ ಕೊಟ್ಟ ವಿಷಯ ಅಂದ್ರೆ ರೋಟರಿ ನಿಯಮದಿಂದ ‘ಪುರುಷ’ ಅನ್ನೋ ಪದ ತೆಗೀರಿ ಅಂತ 1950ರಷ್ಟು ಹಿಂದೇನೇ ಪ್ರಸ್ತಾಪ ಕಳಿಸಿದ್ದು ಭಾರತದ ಒಂದು ಕ್ಲಬ್ಬು. 1964ರಲ್ಲಿ ಆಗಿನ ಸಿಲೋನಿನ ಒಂದು ಕ್ಲಬ್ಬೂ ಕೇಳ್ತು, ಅದನ್ನ ವಾಪಸ್ ತಗೋಬೇಕು ಅಂತ ವೋಟು ಬಿತ್ತು. ಆಮೇಲೆ ಕ್ಯಾಲಿಫೋರ್ನಿಯಾದ ಡುವಾರ್ಟೆ ಅನ್ನೋ ಸಣ್ಣ ಊರಿನ ಕ್ಲಬ್ಬು, ಮೆಂಬರು ಸಾಲದೇ ಒದ್ದಾಡ್ತಿದ್ದದ್ದು, ಮೂರು ಜನ ಹೆಂಗಸರನ್ನ ಸೇರಿಸ್ಕೊಂಡ್ತು. 1978ರಲ್ಲಿ ಕ್ಲಬ್ಬನ್ನೇ ಹೊರಗೆ ಹಾಕಿದ್ರು. ಅವರು ಏನು ಮಾಡಿದ್ರು ಗೊತ್ತಾ, ಪಿನ್ನಿನ ಮೇಲೆ ಒಂದು ಎಕ್ಸ್ ಹಾಕ್ಕೊಂಡು ‘ಎಕ್ಸ್ ರೋಟರಿ ಕ್ಲಬ್’ ಅಂತ ಹೆಸರಿಟ್ಕೊಂಡು ಮೀಟಿಂಗ್ ಮುಂದುವರಿಸಿದ್ರು. ಆ ಪಿನ್ ಒಂದು ನಂಗೆ ಬೇಕಿತ್ತು ನಿಜವಾಗ್ಲೂ. ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1987ರ ಮೇ 4ಕ್ಕೆ ಅವರ ಕಡೆಗಾಯ್ತು, 1989ರಲ್ಲಿ ಎಲ್ಲಾ ದೇಶಗಳಿಗೂ ನಿಯಮ ಬದಲಾಯ್ತು.

ಲಯನ್ಸ್ ಕತೆ ಇನ್ನೂ ವಿಚಿತ್ರ. ಕಣ್ಣಿನ ಕೆಲಸ ಅಂದ್ರೆ ಲಯನ್ಸ್ ಅನ್ನೋ ಹಾಗಾಯ್ತಲ್ಲ, ಆ ಕೆಲಸಾನ ಅವರ ಕೈಗೆ ಕೊಟ್ಟಿದ್ದೇ ಒಬ್ಬಳು ಹೆಂಗಸು. 1925ರಲ್ಲಿ ಹೆಲೆನ್ ಕೆಲರ್, ಕಣ್ಣೂ ಕಾಣದ ಕಿವಿಯೂ ಕೇಳದ ಅಮೆರಿಕದ ಲೇಖಕಿ, ಲಯನ್ಸ್ ಕನ್ವೆನ್ಷನ್ನಿಗೆ ಹೋಗಿ, ಅಂಧರ ಪರವಾಗಿ ಕತ್ತಲೆ ವಿರುದ್ಧ ಹೋರಾಡೋ ವೀರರಾಗ್ತೀರಾ ಅಂತ ಕೇಳಿದ್ರು. ಆಗಲಿ ಅಂದ್ರು. ಆದ್ರೆ ಹೆಂಗಸರಿಗೆ ಮೆಂಬರ್‌ಶಿಪ್ ಕೊಟ್ಟಿದ್ದು 1987ರಲ್ಲಿ. ಏನ್ ಕೆಲಸ ಮಾಡ್ಬೇಕು ಅಂತ ಹೇಳಿಕೊಟ್ಟ 62 ವರ್ಷ ಆದ್ಮೇಲೆ ಕುರ್ಚಿ. ಇಂಟರ್‌ನ್ಯಾಷನಲ್ ಪ್ರೆಸಿಡೆಂಟ್ ಕುರ್ಚಿಗೆ ಹೆಂಗಸು ಬಂದಿದ್ದಂತೂ ಲಯನ್ಸಲ್ಲಿ 2018ಕ್ಕೆ, ಐಸ್‌ಲ್ಯಾಂಡಿನ ಗುಡ್ರುನ್ ಯಿಂಗ್ವಡೊಟ್ಟಿರ್, ರೋಟರೀಲಿ 2022ಕ್ಕೆ, ಕೆನಡಾದ ಜೆನಿಫರ್ ಜೋನ್ಸ್. ರೋಟರಿ ಹುಟ್ಟಿದ್ದು 1905ರಲ್ಲಿ, ನೀವೇ ಕಳೆದು ನೋಡಿ.

ಈಗ ನಾವೂ ಮೆಂಬರ್ರೇ. ಡ್ಯೂಸ್ ಕಟ್ತೀವಿ, ಪಿನ್ ಹಾಕ್ತೀವಿ, ವೋಟು ಹಾಕ್ತೀವಿ. ಆದ್ರೂ ಬೀರುವಿನಿಂದ ತೆಗೆದ ಮಿನಿಟ್ಸಲ್ಲಿ, ಇತ್ತೀಚಿನ ವರ್ಷದ್ದರಲ್ಲೂ, ಆ ಸಾಲು ಹಾಗೇ ಇದೆ. ಬರೆದವರಲ್ಲಿ ಒಬ್ಬರು ಹೆಂಗಸರೂ ಇದ್ರು.

ನೋಟ್‌ಬುಕ್ಕು

ನಮ್ಮ ಕ್ಲಬ್ಬಲ್ಲಿ ಒಬ್ಬರು ಹಿರಿಯರಿದ್ದಾರೆ, ನಾವೆಲ್ಲಾ ಅಕ್ಕ ಅಂತಲೇ ಕರೆಯೋದು. ಸ್ಟೇಜ್ ಹತ್ತಲ್ಲ, ಮೈಕ್ ಮುಟ್ಟಲ್ಲ, ಗ್ರೂಪ್ ಫೋಟೋಗೆ ಅಂತ ಕರೆದ್ರೆ ಚಪ್ಪಲಿ ಹುಡುಕೋಕೆ ಹೋಗ್ತಾರೆ. ಪ್ರತಿ ಕಣ್ಣಿನ ಕ್ಯಾಂಪ್ ಆದ್ಮೇಲೆ ಒಂದು ಉದ್ದನೆ ನೋಟ್‌ಬುಕ್ ಹಿಡ್ಕೊಂಡು ಮನೆಗೆ ಹೋಗ್ತಾರೆ. ಅದರಲ್ಲೇನಿದೆ ಅಂತ ನಾನು ಎಷ್ಟೋ ವರ್ಷ ಕೇಳೇ ಇರ್ಲಿಲ್ಲ.

ಕ್ಯಾಂಪಿನ ದಿನ ಆಗೋದು ಬರೀ ಸ್ಕ್ರೀನಿಂಗು. ಪೊರೆ ಬಂದಿದೆಯಾ, ಬಿಪಿ ಎಷ್ಟು, ಶುಗರ್ ಎಷ್ಟು, ಆಪರೇಷನ್ನಿಗೆ ಆಗುತ್ತಾ ಇಲ್ವಾ. ಅವತ್ತೇ ಬ್ಯಾನರು, ಅವತ್ತೇ ಫೋಟೋ, ಅವತ್ತೇ ಭಾಷಣ. ಆಪರೇಷನ್ ಬೇರೆ ದಿನ, ಆಸ್ಪತ್ರೇಲಿ. ಲಿಸ್ಟಲ್ಲಿದ್ದವರೆಲ್ಲಾ ಆ ದಿನ ಬರ್ತಾರೆ ಅಂತ ನೀವು ಅನ್ಕೊಂಡಿದ್ರೆ ನೀವು ಕ್ಯಾಂಪ್ ಮಾಡಿಲ್ಲ. ಹೆದರಿಕೆ, ಕರ್ಕೊಂಡು ಹೋಗೋರಿಲ್ಲ, ಶುಗರ್ ಏರಿದೆ, ಪಕ್ಕದ ಮನೆಯವರು ಏನೋ ಹೇಳಿದ್ರು, ಹೀಗೆ ಒಬ್ಬೊಬ್ಬರದು ಒಂದೊಂದು. ಅದರಲ್ಲೂ ಹೆಂಗಸರು ತಪ್ಪಿಸಿಕೊಳ್ಳೋದು ಹೆಚ್ಚು. ಪೊರೆಯಿಂದ ಕಣ್ಣು ಕಳ್ಕೊಳ್ಳೋರಲ್ಲಿ ಹೆಂಗಸರೇ ಹೆಚ್ಚು, ಆಪರೇಷನ್ನಿನವರೆಗೆ ತಲುಪೋದ್ರಲ್ಲಿ ಮಾತ್ರ ಹಿಂದೆ, ಇದು ಜಗತ್ತಿನ ಎಷ್ಟೋ ಕಡೆ ಕಣ್ಣಿನ ಡಾಕ್ಟರುಗಳು ಹೇಳ್ತಾ ಬಂದಿರೋ ಮಾತು.

ಸೆಕ್ರೆಟರಿ ಆದ ವರ್ಷ ರಿಪೋರ್ಟಿಗೆ ನಂಬರ್ ಬೇಕಿತ್ತು ಅಂತ ಅಕ್ಕನ ಮನೆಗೆ ಹೋದೆ. ಅವರು ಫೋನಲ್ಲಿದ್ರು, ಕೂತ್ಕೋ ಅಂತ ಕೈ ಸನ್ನೆ ಮಾಡಿದ್ರು. ಆ ಕಡೆ ಮೊದಲು ಮಗ ಎತ್ತಿದ್ದ ಅನ್ಸುತ್ತೆ, ‘ಅವರು ಬರಲ್ವಂತೆ ಬಿಡಿ ಮೇಡಂ’ ಅನ್ನೋದು ನಂಗೂ ಕೇಳಿಸ್ತು. ‘ಆಯ್ತಪ್ಪ, ಬರದಿದ್ರೆ ಬೇಡ, ಒಂದ್ ನಿಮಿಷ ಅಮ್ಮನ ಕೈಗೆ ಕೊಡಿ’ ಅಂದ್ರು. ಅಮ್ಮ ಬಂದ್ರು. ಸೊಸೆ ಕೆಲಸಕ್ಕೆ ಹೋಗ್ತಾಳೆ, ಮೊಮ್ಮಗು ಇದೆ, ನಾನು ಆಸ್ಪತ್ರೇಲಿ ಮಲಗಿದ್ರೆ ಮಗೂನ ಯಾರು ನೋಡ್ಕೋತಾರೆ, ಒಂದು ಕಣ್ಣು ಕಾಣ್ತಾ ಇದೆಯಲ್ಲ ತಾಯಿ, ಸಾಕು ನಂಗೆ.

ನಾನಾಗಿದ್ರೆ ಭಾಷಣ ಶುರು ಮಾಡ್ತಿದ್ದೆ. ನಿಮ್ಮ ಆರೋಗ್ಯ ನೀವು ನೋಡ್ಕೋಬೇಕು, ಫ್ರೀ ಆಪರೇಷನ್ನು, ಡಾಕ್ಟ್ರು ಟೈಮ್ ಕೊಟ್ಟಿದಾರೆ ಅಂತ. ಅಕ್ಕ ಕೇಳಿದ್ದು ಇಷ್ಟು:

‘ಮಗು ಓಡಾಡುತ್ತಾ ಈಗ?’

‘ಅಯ್ಯೋ ಓಡುತ್ತೆ, ಹಿಡಿಯೋಕಾಗಲ್ಲ.’

‘ಯಾವ ಕಡೆಗೆ ಓಡಿದ್ರೆ ನಿಮಗೆ ಕಾಣಲ್ಲ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಎಡಗಡೆಗೆ’ ಅಂದ್ರು.

ಅಕ್ಕ ಅದರ ಮೇಲೆ ಒಂದು ಮಾತೂ ಸೇರಿಸ್ಲಿಲ್ಲ. ಸೊಸೆಗೆ ವಾರದ ರಜೆ ಯಾವತ್ತು ಅಂತ ಕೇಳಿದ್ರು, ಸೊಸೆ ನಂಬರ್ ತಗೊಂಡ್ರು, ಸಂಜೆ ಅವಳು ಕೆಲಸ ಬಿಟ್ಟ ಮೇಲೆ ಮಾಡ್ತೀನಿ ಅಂತ ಫೋನ್ ಇಟ್ರು. ನೋಟ್‌ಬುಕ್ಕಲ್ಲಿ ಆ ಹೆಸರಿನ ಮುಂದೆ ‘ಸೊಸೆ ರಜೆ ಗುರುವಾರ’ ಅಂತ ಬರೆದ್ರು. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ ಮಂಗಳವಾರದ ಲಿಸ್ಟಲ್ಲಿದ್ದ ಆ ಹೆಸರನ್ನ ಗುರುವಾರಕ್ಕೆ ಹಾಕಿಸಿದ್ರು, ಅದಕ್ಕೆ ಮೂರು ಜನರ ಹತ್ರ ಮಾತಾಡ್ಬೇಕಾಯ್ತು, ಮೂರನೆಯವರು ಸ್ವಲ್ಪ ರೇಗಿದ್ರು ಕೂಡ.

ಆಮೇಲೆ ನೋಟ್‌ಬುಕ್ ನನ್ನ ಕಡೆ ತಳ್ಳಿದ್ರು, ನೋಡು ಬೇಕಾದ್ರೆ ಅಂತ. ಒಂದು ಪುಟಕ್ಕೆ ಆರೇಳು ಹೆಸರು. ‘ಮಗ ಎತ್ತಲ್ಲ, ಪಕ್ಕದವರ ನಂಬರ್ ಕೆಳಗಿದೆ’. ‘ಸೂಜಿ ಅಂದ್ರೆ ಹೆದರ್ತಾರೆ, ಮೊದಲೇ ಆಪರೇಷನ್ ಆದ ಲಿಸ್ಟ್ ನಂ. 14ರ ಹತ್ರ ಮಾತಾಡಿಸಿದ್ದೀನಿ’. ‘ಕಿವಿ ಕೇಳಲ್ಲ, ಜೋರಾಗಿ’. ‘ಡ್ರಾಪ್ಸ್ ಯಾರು ಹಾಕೋದು?’ ಅಂತ ಒಂದು ಕಡೆ ಕೆಂಪಲ್ಲಿ. ಆಪರೇಷನ್ ಆದ್ಮೇಲೆ ವಾರಗಟ್ಟಲೆ ಡ್ರಾಪ್ಸ್ ಹಾಕ್ಬೇಕಲ್ಲ, ದಿನಕ್ಕೆ ಇಷ್ಟು ಸಲ ಅಂತ ಶುರುವಾಗಿ ಕಮ್ಮಿ ಮಾಡ್ತಾ ಬರೋದು, ಒಂಟಿಯಾಗಿರೋ ಮುದುಕಿಗೆ ತನ್ನ ಕಣ್ಣಿಗೆ ತಾನೇ ಡ್ರಾಪ್ಸ್ ಹಾಕ್ಕೊಳ್ಳೋದು ಎಷ್ಟು ಕಷ್ಟ ಅಂತ ಒಂದ್ಸಲ ಟ್ರೈ ಮಾಡಿ ನೋಡಿ, ಕೆನ್ನೆ ಮೇಲೇ ಹೋಗುತ್ತೆ ಎಲ್ಲಾ. ಅದಕ್ಕೆ ಅಕ್ಕ ಅದೇ ರಸ್ತೇಲಿರೋ ಒಬ್ಬ ಕಾಲೇಜ್ ಹುಡುಗಿಗೆ ಹೇಳಿ ಬೆಳಿಗ್ಗೆ ಸಂಜೆ ಹಾಕಿಸಿದ್ದಾರೆ. ಆ ಹುಡುಗಿ ಹೆಸರು ನಮ್ಮ ಕ್ಲಬ್ಬಿನ ಯಾವ ಕಾಗದದಲ್ಲೂ ಇಲ್ಲ.

ನಾನು ಬಂದಿದ್ದು ರಿಪೋರ್ಟಿಗೆ ತಾನೇ. ಆನ್‌ಲೈನ್ ರಿಪೋರ್ಟಲ್ಲಿ ಒಂದು ಕಾಲಂ ಇರುತ್ತೆ, ವಾಲಂಟಿಯರ್ ಅವರ್ಸ್ ಅಂತ. ನಾವೆಲ್ಲಾ ಅದನ್ನ ತುಂಬೋದು ಹೇಗೆ ಅಂದ್ರೆ, ಕ್ಯಾಂಪ್ ಆರು ಗಂಟೆ, ಬಂದ ಮೆಂಬರು ಇಷ್ಟು, ಗುಣಿಸು, ಹಾಕು. ಹನ್ನೊಂದು ಗಂಟೆಗೆ ಬಂದು ಫೋಟೋ ಆದ್ಮೇಲೆ ಹೋದವರಿಗೂ ಆರು ಗಂಟೆ. ಅಕ್ಕನಿಗೂ ಆರು ಗಂಟೆ. ಆಮೇಲಿನ ಮೂರು ವಾರದ ಫೋನು ಯಾವ ಕಾಲಮ್ಮಿಗೂ ಬರಲ್ಲ. ‘ಅಕ್ಕ, ನೀವು ಒಟ್ಟು ಎಷ್ಟು ಗಂಟೆ ಮಾತಾಡಿರ್ತೀರ?’ ಅಂದೆ. ‘ಅಡುಗೆ ಮಾಡ್ತಾ ಮಾತಾಡಿರ್ತೀನಿ, ಅದನ್ನ ಅಡುಗೆ ಲೆಕ್ಕಕ್ಕೆ ಹಾಕ್ತೀಯೋ ಸೇವೆ ಲೆಕ್ಕಕ್ಕೆ ಹಾಕ್ತೀಯೋ?’ ಅಂತ ನಕ್ಕರು. ನಂಗೆ ನಗು ಬರ್ಲಿಲ್ಲ.

ನಮ್ಮ ಕಡೆಯದೂ ಹೇಳ್ಬೇಕು

ಇಷ್ಟು ಹೇಳಿ ಗಂಡಸರ ಮೇಲೆ ಹಾಕಿ ಎದ್ದು ಹೋದ್ರೆ ಅದು ಸುಳ್ಳಾಗುತ್ತೆ. ಹೆಂಗಸರೇ ಇರೋ ಕ್ಲಬ್ಬುಗಳ ಫಂಕ್ಷನ್ನಿಗೂ ಹೋಗಿದ್ದೀನಿ. ಅಲ್ಲೂ ಸ್ಟೇಜ್ ಮೇಲೆ ಯಾರು ಯಾರ ಪಕ್ಕ ಕೂರ್ಬೇಕು ಅಂತ ಒಂದು ವಾರ ಫೋನಲ್ಲಿ ಯುದ್ಧ, ಡ್ರೆಸ್ ಕೋಡ್ ಬಣ್ಣಕ್ಕೆ ಇನ್ನೊಂದು ವಾರ, ವಂದನಾರ್ಪಣೇಲಿ ಹೆಸರು ಬಿಟ್ಟುಹೋಯ್ತು ಅಂತ ಮಾತು ಬಿಟ್ಟವರೂ ಇದ್ದಾರೆ. ಅಧಿಕಾರ ಸಿಕ್ಕಿದ ತಕ್ಷಣ ಹೆಂಗಸರು ಬೇರೆ ಥರ ನಡ್ಕೋತಾರೆ ಅನ್ನೋದೆಲ್ಲಾ ಭಾಷಣದ ಮಾತು. ಒಂದು ಸಲ ನಾನೇ ಬರೆದ ವರದೀಲಿ ‘ಸಹಕರಿಸಿದ ಆಸ್ಪತ್ರೆ ಸಿಬ್ಬಂದಿಗೂ’ ಅಂತ ಬರೆದಿದ್ದೀನಿ. ಆ ಸಿಬ್ಬಂದಿ ಅಂದ್ರೆ ರೋಗಿಗಳನ್ನ ಕೈ ಹಿಡಿದು ಬಾತ್‌ರೂಮಿಗೆ ಕರ್ಕೊಂಡು ಹೋದ ಇಬ್ಬರು ಆಯಾಗಳು, ಅವರ ಹೆಸರು ನಾನೂ ಕೇಳಿರ್ಲಿಲ್ಲ.

ಇನ್ನೊಂದು ವಿಷಯ, ಇದನ್ನ ಬರೆಯೋಕೆ ಸ್ವಲ್ಪ ಮುಜುಗರ. ಕ್ಲಬ್ಬಿಗೆ ಬರೋಕೆ ಆಗೋದು ಯಾರಿಗೆ? ಟೈಮ್ ಇರೋರಿಗೆ. ಹೆಂಗಸಿಗೆ ಟೈಮ್ ಇದೆ ಅಂದ್ರೆ ಅವಳ ಮನೆ ಕೆಲಸ ಇನ್ಯಾರೋ ಮಾಡ್ತಿದ್ದಾರೆ ಅಂತ, ಮತ್ತೆ ಆ ಇನ್ಯಾರೋ ಕೂಡ ಸಾಮಾನ್ಯವಾಗಿ ಹೆಂಗಸೇ. ನಾನು ಸಂಜೆ ಬೋರ್ಡ್ ಮೀಟಿಂಗಿಗೆ ಹೊರಟ್ರೆ ಮಗನ ಹೋಮ್‌ವರ್ಕು, ಊಟ, ಮಲಗಿಸೋದು ಎಲ್ಲಾ ನಮ್ಮತ್ತೇದು. ಅವರು ಬೈಯ್ತಿರ್ಲಿಲ್ಲ, ಕೊಂಕೂ ಆಡ್ತಿರ್ಲಿಲ್ಲ. ಒಂದು ಸಲ ನಂಗೆ ಬೆಸ್ಟ್ ವಾಲಂಟಿಯರ್ ಅಂತ ಮೊಮೆಂಟೋ ಬಂತು, ತಂದು ಟೇಬಲ್ ಮೇಲಿಟ್ಟೆ. ಅತ್ತೆ ಕನ್ನಡಕ ಏರಿಸಿ ಓದಿ, ಧೂಳೊರೆಸಿ, ‘ಚೆನ್ನಾಗಿದೆ. ನಾನು ಯಾವ ಕ್ಲಬ್ಬಿನ ಮೆಂಬರ್ರಮ್ಮಾ?’ ಅಂದ್ರು. ತಮಾಷೆಗೇ ಅಂದಿದ್ದು. ನಾನು ಆ ಮೊಮೆಂಟೋನ ಶೋಕೇಸಿಗೆ ಹಾಕ್ಲಿಲ್ಲ, ಎಲ್ಲಿಟ್ಟೆ ಅಂತಲೂ ನೆನಪಿಲ್ಲ.

ಹಾಗಾದ್ರೆ ಯಾಕೆ ಹೋಗ್ತೀಯ ಅಂತ ಕೇಳಬಹುದು. ಸೇವೆ ಮಾಡೋಕೆ ಅಂತ ಹೇಳಿದ್ರೆ ಅರ್ಧ ನಿಜ. ಇನ್ನರ್ಧ ಅಂದ್ರೆ, ಮನೆಯಿಂದ ಹೊರಗೆ ಹೋಗೋದಕ್ಕೆ ಯಾರೂ ಪ್ರಶ್ನೆ ಮಾಡದ ಕಾರಣ ಅದೊಂದೇ ಆಗಿತ್ತು. ಫ್ರೆಂಡ್ಸ್ ಜೊತೆ ಸುಮ್ನೆ ಕೂತು ಹರಟೆ ಹೊಡಿಯೋಕೆ ಹೋಗ್ತೀನಿ ಅಂದ್ರೆ ಯಾಕೆ, ಎಲ್ಲಿಗೆ, ಎಷ್ಟೊತ್ತಿಗೆ. ಕ್ಯಾಂಪ್ ಇದೆ ಅಂದ್ರೆ ಹೋಗಿ ಬಾ. ಅಲ್ಲಿ ಹೋಗಿ ಕಲಿತಿದ್ದು ಕಮ್ಮಿಯೇನಲ್ಲ. ಚೆಕ್ಕಿಗೆ ಸೈನ್ ಮಾಡೋದು, ದೊಡ್ಡ ಆಫೀಸರ್ ರೂಮಲ್ಲಿ ಕೂತ್ಕೊಳ್ಳಿ ಅನ್ನೋ ಮೊದಲೇ ಕುರ್ಚಿ ಎಳ್ಕೊಂಡು ಕೂರೋದು, ಗುರುತಿಲ್ಲದವರಿಗೆ ಫೋನ್ ಮಾಡಿ ಇಲ್ಲ ಅನ್ನಿಸ್ಕೊಂಡು ಮತ್ತೆ ಮಾಡೋದು. ಇದನ್ನೆಲ್ಲಾ ಕಲಿಸಿದ್ದು ಆ ‘ಸಹಕರಿಸಿದ ಮಹಿಳೆಯರು’.

ಹೆಸರು ಬರೆದ ವರ್ಷ

ನನ್ನ ವರ್ಷದ ಮಿನಿಟ್ಸಲ್ಲಿ ನಾನು ಹೆಸರು ಬರೆಯೋಕೆ ಶುರು ಮಾಡಿದೆ. ರಿಜಿಸ್ಟ್ರೇಷನ್ ಟೇಬಲ್ ಇಂಥಿಂಥವರು, ಬಿಪಿ ನೋಡಿದ್ದು ಇವರು, ಕುರ್ಚಿ ಎತ್ತಿಟ್ಟಿದ್ದು ಇವರು (ಇದರಲ್ಲಿ ಗಂಡಸರೂ ಇದ್ರು, ಅವರ ಹೆಸರೂ ಯಾವತ್ತೂ ಬಂದಿರ್ಲಿಲ್ಲ). ಮೊದಲ ಬೋರ್ಡ್ ಮೀಟಿಂಗಲ್ಲೇ ಒಬ್ಬ ಹಿರಿಯ ಮೆಂಬರು, ಮಿನಿಟ್ಸ್ ಇಷ್ಟುದ್ದ ಯಾಕಮ್ಮಾ, ಮದುವೆ ಮುಯ್ಯಿ ಪಟ್ಟಿ ಓದಿದ ಹಾಗಿದೆ ಅಂದ್ರು. ಎಲ್ಲಾ ನಕ್ಕರು, ನಾನೂ ನಕ್ಕೆ, ಬರೆಯೋದು ಬಿಡ್ಲಿಲ್ಲ. ನಾನು ಎಣಿಸದೇ ಇದ್ದ ತಕರಾರು ಬಂದಿದ್ದು ಅಕ್ಕನಿಂದ. ‘ನನ್ನ ಹೆಸರು ಹಾಕ್ಬೇಡ’ ಅಂದ್ರು. ವಿನಯ ಅನ್ಕೊಂಡೆ. ‘ವಿನಯ ಅಲ್ಲ ಕಣೇ, ಫೋನ್ ಮಾಡೋದು ಇಂಥವರು ಅಂತ ಬರೆದ್ರೆ ಮುಂದಿನ ಹತ್ತು ವರ್ಷಾನೂ ನಾನೇ ಮಾಡ್ಬೇಕಾಗುತ್ತೆ. ಹೆಸರು ಹಾಕಿದ ಕೆಲಸಾನ ಇನ್ಯಾರೂ ಮುಟ್ಟಲ್ಲ.’

ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗಲೂ ಇಲ್ಲ. ಅವರ ಮಾತಿಗೆ ಕಟ್ಟುಬಿದ್ದು ಆ ಒಂದು ಹೆಸರು ಬಿಟ್ಟೆ. ಅದರ ಬದಲು ಜೂನ್ ಕೊನೇಲಿ ಹ್ಯಾಂಡೋವರ್ ಲಿಸ್ಟ್ ಮಾಡುವಾಗ, ಗಂಟೆ 1, ಸುತ್ತಿಗೆ 1, ಕಾಲರ್ 1, ಮಿನಿಟ್ಸ್ ಬುಕ್ ಇಷ್ಟು ಅಂತ ಬರೀತಾ ಬಂದವಳು ಕೊನೇಲಿ ‘ಫೋನ್ ನೋಟ್‌ಬುಕ್ 1’ ಅಂತ ಸೇರಿಸಿದೆ. ಅಕ್ಕನ್ನ ಕೇಳಿಯೇ ಸೇರಿಸಿದ್ದು. ಅವರು ನೋಟ್‌ಬುಕ್ ಕೊಡೋ ಮುಂಚೆ ರಬ್ಬರ್ ಬ್ಯಾಂಡ್ ಬದಲಾಯಿಸಿ ಹೊಸದು ಹಾಕಿ ಕೊಟ್ರು.

ಹೊಸ ಸೆಕ್ರೆಟರಿ ಮೂವತ್ತರ ಆಸುಪಾಸಿನ ಹುಡುಗ, ಒಳ್ಳೆಯವನು, ಎಲ್ಲಾ ಎಕ್ಸೆಲ್ಲಲ್ಲೇ ಆಗ್ಬೇಕು ಅನ್ನೋನು. ಬೀರು ಮುಂದೆ ನಿಂತು ಲಿಸ್ಟಿಗೆ ಟಿಕ್ ಹಾಕ್ತಾ ಬಂದ, ನೋಟ್‌ಬುಕ್ ತೆಗೆದು ಪುಟ ತಿರುವಿ ‘ಮೇಡಂ, ಸೊಸೆ ರಜೆ ಗುರುವಾರ, ಇದೇನಿದು?’ ಅಂದ. ಹೇಳೋ ಬದಲು ಕೊನೇ ಪುಟ ತೆಗೆದುಕೊಟ್ಟೆ, ಹೋದ ಕ್ಯಾಂಪಿನ ಮೂರು ಹೆಸರು ಬಾಕಿ ಇದ್ವು, ಇಲ್ಲೇ ಕೂತು ಒಂದು ಫೋನ್ ಮಾಡಿಬಿಡಪ್ಪ ಅಂದೆ. ಕೂತ. ನಂಬರ್ ಒತ್ತಿದ. ಗಂಟಲು ಸರಿ ಮಾಡ್ಕೊಂಡು ನಮಸ್ಕಾರ, ನಾನು ಕ್ಲಬ್ಬಿನ ನೂತನ ಕಾರ್ಯದರ್ಶಿ ಅಂತ ಶುರು ಮಾಡಿದ. ಸ್ಪೀಕರ್ ಆನಾಗಿತ್ತು, ಆ ಕಡೆಯಿಂದ ಒಂದು ಮುದಿ ದನಿ:

‘ಅಕ್ಕ ಇಲ್ವೇನಪ್ಪಾ?’